‘ಪರ್ಮನೆಂಟ್’ ಎಂಬ ಆಂಗ್ಲ ವಿಶೇಷಣದ ಅರ್ಥವಿಚಾರ

ಆಂಗ್ಲ ಭಾಷೆಯ ‘ಪರ್ಮನೆಂಟ್’ ಎಂಬ ವಿಶೇಷಣವನ್ನು ಕನ್ನಡದಲ್ಲಿ ‘ಶಾಶ್ವತ’ವೆಂದು ಭಾಷಾಂತರಿಸುವುದು ರೂಢವಾಗಿದೆ. ಈ ಸಮೀಕರಣವು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಪೆರ್’ ಎಂದರೆ ಉದ್ದಕ್ಕೂ. ‘ಮನೇರೆ’ ಎಂದರೆ ನಿಲ್ಲುವುದು, ಉಳಿಯುವುದು. ಆದಕಾರಣ ‘ಬಿಡದೆ ನಿಂತಿರತಕ್ಕುದು’ ಎಂಬುದೇ ಈ ಶಬ್ದದ ಅವಯವಾರ್ಥ. ಅಂತ್ಯರಾಹಿತ್ಯವು ಇದರಲ್ಲಿ ಉಕ್ತವಾಗಿಲ್ಲ. ಆ ಅರ್ಥಕ್ಕೆ ಆಂಗ್ಲದಲ್ಲಿ ‘ಇಟರ್ನಲ್’ ಎಂಬ ಬೇರೆ ಶಬ್ದವುಂಟು. ಅದರ ಮೂಲವಾದ ‘ಏವುಮ್’ ಎಂಬ ಲ್ಯಾಟಿನ್ ಪದವು ಸಂಸ್ಕೃತದ ‘ಆಯುಸ್’ ಶಬ್ದಕ್ಕೆ ಸಜಾತೀಯವಾದುದು.

ವ್ಯುತ್ಪತ್ತಿಗಿಂತ ಪ್ರಯೋಗವು ಬಲವತ್ತರವಷ್ಟೆ. ಪ್ರಯೋಗವನ್ನು ನೋಡಿದರೆ, ಈ ವಿಶೇಷಣದ ಅರ್ಥವು ಅದರ ಪ್ರತಿಯೋಗಿಯಿಂದಲೇ ನಿಶ್ಚಯವಾಗುತ್ತದೆಂದು ತೋರುತ್ತದೆ. ಮನುಷ್ಯನ 32 ಹಲ್ಲುಗಳಿಗೆ ಈ ವಿಶೇಷಣವು ಸಲ್ಲುವುದು ಹಾಲುಹಲ್ಲುಗಳ ಅಪೇಕ್ಷೆಯಿಂದಲೇ. ಮುಪ್ಪಿನಲ್ಲಿ ಅವೂ ಬೀಳಬಹುದು. ಹೇಗ್ ನಗರದಲ್ಲಿ 1922ರಲ್ಲಿ ಕಾರ್ಯಾರಂಭ ಮಾಡಿದ ಅಂತರರಾಷ್ಟ್ರೀಯ ನ್ಯಾಯಾಲಯದ ಹೆಸರಿನಲ್ಲಿಯೂ ಈ ಪದವಿತ್ತು. ಒಂದೊಂದು ವ್ಯಾಜ್ಯಕ್ಕಾಗಿ ಕೂಡಿ ಚದುರುವ ಪಂಚಾಯ್ತಿಯಂತಲ್ಲದೆ ನೆಲೆಯಾಗಿ ನಿಂತ ನ್ಯಾಯಪೀಠವೆಂಬುದೇ ಅಲ್ಲಿಯ ಅಭಿಪ್ರಾಯ. 1946ರಲ್ಲಿ ಆ ನ್ಯಾಯಾಲಯವು ವಿಸರ್ಜಿತವಾಯಿತು.

1793ರಲ್ಲಿ ಕಾರ್ನ್‌ವಾಲಿಸನು ಬಂಗಾಳ ಪ್ರಾಂತದಲ್ಲಿ ಮಾಡಿದ ಭೂಕಂದಾಯದ ಏರ್ಪಾಡು ಇದಕ್ಕೆ ವಿರುದ್ಧವಾದ ದೃಷ್ಟಾಂತವೆಂದು ಕೆಲವರು ಶಂಕಿಸಬಹುದು. ಅಲ್ಲಿ ಕಂದಾಯವನ್ನು ಎಂದೆಂದಿಗೂ ಬದಲಿಸಬಾರದೆಂಬುದೇ ಉದ್ದೇಶವಾಗಿತ್ತು. ಆದರೆ ಆ ಅರ್ಥವನ್ನು ಈ ವಿಶೇಷಣದ ಮೇಲೆಯೇ ಬಿಡದೆ, ‘ಎಂದೆಂದಿಗೂ’ ಎಂಬರ್ಥದ ಮಾತುಗಳನ್ನು ಶಾಸನದಲ್ಲಿ ಬೇರೆಯಾಗಿ ಸೇರಿಸಬೇಕಾಯಿತು. 1950ರ ದಶಕದಲ್ಲಿ ಜಮೀನ್ದಾರಿಯು ರದ್ದಾದಾಗ ಆ ಏರ್ಪಾಡೂ ಕೊನೆಗೊಂಡಿತು. ಇದನ್ನು ‘ಶಾಶ್ವತ’ವೆಂದು ಓದುವ ವಿದ್ಯಾರ್ಥಿಗೆ, ಶಾಶ್ವತವಾದುದು ಹೇಗೆ ಮುಗಿಯಿತೆಂಬ ಗೊಂದಲವುಂಟಾಗುವುದು ಸಹಜ.

ಇನ್ನು ‘ಶಾಶ್ವತ’ ಶಬ್ದ. ಅಮರಸಿಂಹನು ಇದನ್ನು ಧ್ರುವ, ನಿತ್ಯ, ಸನಾತನ ಶಬ್ದಗಳೊಡನೆ ಪಠಿಸಿರುವನು. ದರ್ಶನಗಳಲ್ಲಿ ಇದು ನಾಶರಹಿತವಾದುದಕ್ಕೆ ಸಲ್ಲತಕ್ಕ ಮಾತು. ನೌಕರಿಗೂ ವಿಳಾಸಕ್ಕೂ ಇದನ್ನು ಹಚ್ಚಿದರೆ ಶಬ್ದದ ಶಕ್ತಿಯು ಕುಂದುವುದಲ್ಲದೆ ವಿವಕ್ಷಿತಾರ್ಥವೂ ಸಿದ್ಧಿಸದು.

ತಕ್ಕ ಪದವು ಅಲಂಕಾರಶಾಸ್ತ್ರದಲ್ಲಿಯೇ ಇದೆ. ಭರತನು 33 ವ್ಯಭಿಚಾರಿಭಾವಗಳಿಂದ ಬೇರ್ಪಡಿಸಿ ಹೇಳಿದ 8 ಭಾವಗಳು ‘ಸ್ಥಾಯಿ’ಗಳು. ರತಿ, ಶೋಕಾದಿಗಳು ಅನಂತವೆಂದು ಅದರ ಅರ್ಥವಲ್ಲ. ಬಂದುಹೋಗುವ ಭಾವಗಳ ನಡುವೆ ಅವು ನೆಲೆನಿಲ್ಲುತ್ತವೆಂದು ಮಾತ್ರ. ಆಡುಮಾತಿನ ‘ಖಾಯಂ’ ಎಂಬುದೂ ‘ನಿಂತಿರುವ’ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದುದಾಗಿ, ಲ್ಯಾಟಿನ್ ಧಾತುವಿನ ಭಾವವನ್ನೇ ತಿಳಿಸುತ್ತದೆ.

ಆದುದರಿಂದ ನೌಕರಿ, ವಿಳಾಸ ಮುಂತಾದ ವ್ಯವಹಾರಗಳಲ್ಲಿ ‘ಖಾಯಂ’ ಎಂದೂ, ಶಾಸ್ತ್ರಗ್ರಂಥಗಳಲ್ಲಿ ‘ಸ್ಥಾಯಿ’ ಅಥವಾ ‘ಸ್ಥಿರ’ ಎಂದೂ ಪ್ರಯೋಗಿಸಿ, ‘ಶಾಶ್ವತ’ ಶಬ್ದವನ್ನು ‘ಇಟರ್ನಲ್’ ಎಂಬುದಕ್ಕೆ ಉಳಿಸಿಕೊಳ್ಳುವುದು ಯುಕ್ತ.