ಕೊಬ್ಬರಿ ಮಂಡಿಯಲ್ಲೊಂದು ಅರೇಬಿಕ್ ಪಾಠ

ದ್ವಿತೀಯ ಪಿಯು ವೇಳಾಪಟ್ಟಿಯನ್ನು ನೀವೂ ನೋಡಿರುತ್ತೀರಿ. 2024ರಲ್ಲೂ 2025ರಲ್ಲೂ ಮಾರ್ಚ್ 1ರ ಎದುರಿಗೆ ಎರಡು ಹೆಸರುಗಳು ಒಟ್ಟಿಗೇ ಇದ್ದವು: ಕನ್ನಡ, ಅರೇಬಿಕ್. ನಮ್ಮ ರಾಜ್ಯದ ಪಿಯುನಲ್ಲಿ ಅರೇಬಿಕ್ ಕೂಡ ಒಂದು ಭಾಷಾ ವಿಷಯ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಆ ಪಟ್ಟಿ ನೋಡಿದಾಗಲೇ ಗೊತ್ತಾಗುವುದು. ಬಿಇಗೆ ಬಂದರೆ ಆ ಆಯ್ಕೆಯೂ ಇಲ್ಲ. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’, ಜೊತೆಗೆ ಸಂವಹನ ಇಂಗ್ಲಿಷ್. ಅಲ್ಲಿಗೆ ಭಾಷೆಯ ಲೆಕ್ಕ ಮುಗಿಯಿತು. ಆಮೇಲೆ ಕಲಿಯುವ ಭಾಷೆಗಳೆಲ್ಲ ಜಾವಾ, ಪೈಥಾನ್.

ನಾನು ತುರುವೇಕೆರೆ ತಾಲ್ಲೂಕಿನವಳು. ತಿಪಟೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ರೈಲು ಹತ್ತಿ ತುಮಕೂರಿಗೆ ಹೋಗಿ ಅರೇಬಿಕ್ ಕಲಿಯುತ್ತೇನೆ. ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು. ಈ ಮಾತು ಹೇಳಿದ ತಕ್ಷಣ ಎಲ್ಲರೂ ಕೇಳುವುದು ಒಂದೇ, ‘ಯಾಕೆ?’ ಹಾಸ್ಟೆಲ್‌ನಲ್ಲಿ ಕೆಲವರ ‘ಯಾಕೆ’ಯಲ್ಲಿ ಸ್ವಲ್ಪ ಅನುಮಾನವೂ ಇರುತ್ತದೆ. ಜರ್ಮನ್ ಕಲಿಯುವ ಗೆಳತಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಅಪ್ಪ ಕೇಳಿದ್ದು ಬೇರೆ ಥರ. ‘ಅದ್ಯಾಕವ್ವ ಬೇಕು ನಿಂಗೆ? ದುಬೈಗೇನಾದ್ರೂ ಓಯ್ತೀಯಾ? ಅದೇನ್ ಅನ್ನ ಕೊಡ್ತದಾ?’

ಅಪ್ಪನ ಪ್ರಶ್ನೆಗೆ ಕಾರಣವಿದೆ. ನಮ್ಮ ಕಡೆ ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು–ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಸದ್ದು ಬರಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಒಂದು ವರ್ಷದ ದುಡ್ಡು ಅಟ್ಟದ ಮೇಲೆ ಕೂತಿರುತ್ತದೆ. ನಾನು ಬಿಇ ಸೇರಿದ 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ತೀರಾ ಕಡಿಮೆ. ನನ್ನ ಮೊದಲ ವರ್ಷದ ಫೀಸು ಆ ಬೆಲೆಗೆ ಮಾರಿದ ಕೊಬ್ಬರಿಯಿಂದ ಬಂದದ್ದು. ಅಂಥ ಮನೆಯಲ್ಲಿ ರೈಲು ಚಾರ್ಜಿಗೂ ಲೆಕ್ಕ ಕೇಳುವುದು ನ್ಯಾಯವೇ.

ಅಪ್ಪನಿಗೆ ನಾನು ಉತ್ತರ ಕೊಟ್ಟದ್ದು ಮಂಡಿಯಲ್ಲಿ. ಚೀಲ ಇಳಿಸುತ್ತಿದ್ದರು. ‘ಅಪ್ಪ, ಹಮಾಲಿ ಅಂತೀವಲ್ಲ, ಅದು ಅರಬ್ಬಿ ಮಾತು. ದಲ್ಲಾಳಿನೂ ಅರಬ್ಬಿನೇ’ ಅಂದೆ. ಅಪ್ಪ ನಂಬಲಿಲ್ಲ.

ನಾನೂ ಮೊದಲು ನಂಬಿರಲಿಲ್ಲ. ನಂಬಿಸಿದ್ದು ವ್ಯಾಕರಣ. ಅರೇಬಿಕ್‌ನಲ್ಲಿ ಬಹುಪಾಲು ಪದಗಳಿಗೆ ಮೂರು ವ್ಯಂಜನಗಳ ಒಂದು ಬೇರು ಇರುತ್ತದೆ. ಆ ಬೇರನ್ನು ಬೇರೆ ಬೇರೆ ಅಚ್ಚಿಗೆ ಹಾಕಿದರೆ ಬೇರೆ ಬೇರೆ ಪದ. ಕ–ತ–ಬ ಎಂಬುದು ಬರವಣಿಗೆಯ ಬೇರು. ಕಿತಾಬ್ ಅಂದರೆ ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಕಚೇರಿ, ಮಕ್ತಬಾ ಗ್ರಂಥಾಲಯ. ಕೋಡ್ ಬರೆಯುವವರಿಗೆ ಇದು ಥಟ್ಟನೆ ಹಿಡಿಸುತ್ತದೆ. ಬೇರು ಇನ್‌ಪುಟ್, ಅಚ್ಚು ಫಂಕ್ಷನ್. ಹೀಗೆ ಕಸಬುದಾರರಿಗೆಂದೇ ಒಂದು ಅಚ್ಚಿದೆ: ನಡುವಿನ ಅಕ್ಷರವನ್ನು ದ್ವಿತ್ವ ಮಾಡಿ, ಅದರ ಮುಂದೆ ದೀರ್ಘ ‘ಆ’ ಕೊಡುವುದು. ಬಡಗಿ ನಜ್ಜಾರ್, ರೊಟ್ಟಿ ಸುಡುವವನು ಖಬ್ಬಾಜ್, ದರ್ಜಿ ಖಯ್ಯಾತ್. ಡಿವಿಜಿಯವರ ‘ಉಮರನ ಒಸಗೆ’ಯಿಂದ ನಮಗೆ ಹತ್ತಿರವಾದ ಪಾರಸಿ ಕವಿ ಉಮರ್ ಖಯ್ಯಾಮನ ಹೆಸರೂ ಇದೇ ಅಚ್ಚಿನದು, ಖಯ್ಯಾಮ್ ಅಂದರೆ ಡೇರೆ ಹೊಲಿಯುವವನು. ಹೊರುವುದು ಎಂಬ ಬೇರನ್ನು ಈ ಅಚ್ಚಿಗೆ ಹಾಕಿದರೆ ಹಮ್ಮಾಲ್. ದಾರಿ ತೋರಿಸುವುದು ಎಂಬ ಬೇರನ್ನು ಹಾಕಿದರೆ ದಲ್ಲಾಲ್. ಮಂಡಿಯಲ್ಲಿ ಚೀಲ ಹೊರುವವನೂ ಚೀಲಕ್ಕೆ ಗಿರಾಕಿ ತೋರಿಸುವವನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪದಗಳು. ಆದಾಯ ಮಾತ್ರ ಒಂದೇ ಅಲ್ಲ, ಬಿಡಿ.

ಆಮೇಲೆ ಮಂಡಿಯ ಚೀಟಿಯನ್ನೇ ಪಠ್ಯಪುಸ್ತಕ ಮಾಡಿಕೊಂಡೆ. ಮಾಲು, ಬಾಕಿ, ಜಮಾ, ಖರ್ಚು, ಅಸಲು, ತಾರೀಖು, ಎಲ್ಲಕ್ಕೂ ಅರಬ್ಬಿ ಬೇರು. ನಗದು ಎಂಬುದು ‘ನಕ್ದ್’. ಅರೇಬಿಕ್‌ನಲ್ಲಿ ಅದಕ್ಕೆ ಸಾಹಿತ್ಯ ವಿಮರ್ಶೆ ಎಂಬ ಅರ್ಥವೂ ಇದೆ, ನಾಣ್ಯ ಖರೆಯೋ ಖೋಟಾನೋ ಎಂದು ಪರೀಕ್ಷಿಸುವ ಕೆಲಸದಿಂದ ಬಂದದ್ದು. ತಕರಾರು ಅಂದರೆ ಅಲ್ಲಿ ಬರೀ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತಾ ಹೋದರೆ ಜಗಳವಾಗುತ್ತದೆ ಎಂಬುದು ನಮ್ಮವರಿಗೆ ಗೊತ್ತಿತ್ತೇನೋ. ವಸೂಲಿಯ ಮೂಲವಾದ ‘ವುಸೂಲ್’ಗೆ ತಲುಪುವುದು ಎಂದರ್ಥ. ಗಲ್ಫ್ ವಿಮಾನ ನಿಲ್ದಾಣಗಳಲ್ಲಿ ‘ಆಗಮನ’ದ ಬೋರ್ಡಿನಲ್ಲಿ ಇರುವುದು ಇದೇ ಪದ. ನಾವು ಓಡಾಡುವ ತಾಲ್ಲೂಕು, ಜಿಲ್ಲೆ ಎರಡೂ ಅಲ್ಲಿಂದಲೇ. ‘ತಅಲ್ಲುಕ್’ ಎಂದರೆ ಸಂಬಂಧ, ಜಿಲ್ಲೆಯ ಮೂಲಪದಕ್ಕೆ ಪಕ್ಕೆಲುಬು ಎಂಬ ಅರ್ಥವಿದೆ.

ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ಪದ ರೈತ. ‘ರಈಯತ್’ನಿಂದ ಬಂದದ್ದು, ಅದರ ಬೇರಿಗೆ ಮೇಯುವುದು, ಮೇಯಿಸುವುದು, ಕಾಯುವುದು ಎಂಬ ಅರ್ಥ. ‘ರಾಈ’ ಅಂದರೆ ಕುರಿ ಕಾಯುವವನು. ದೊರೆ ಕುರುಬ, ಪ್ರಜೆ ಮಂದೆ ಎಂಬ ಲೆಕ್ಕ. ಬೆಂಬಲ ಬೆಲೆಗಾಗಿ ನಮ್ಮೂರಿನವರು ರಸ್ತೆಯಲ್ಲಿ ಕೂತಿದ್ದನ್ನು ನೋಡಿದವಳಿಗೆ ಆ ಅರ್ಥ ಅಷ್ಟು ಹಿತ ಎನಿಸಲಿಲ್ಲ.

ಈ ಪದಗಳು ನೇರವಾಗಿ ಹಡಗಿಳಿದು ಬಂದವಲ್ಲ. ಆಡಳಿತದ ಪಾರಸಿ, ದಖ್ಖನಿ, ಮರಾಠಿಗಳ ಮೂಲಕ ಬಂದವು. ನಮ್ಮದೇ ಜಿಲ್ಲೆಯ ಶಿರಾ 1687ರ ನಂತರ ಮೊಘಲರ ಸುಬಾದ ಕೇಂದ್ರವಾಗಿತ್ತು. ಕರಾವಳಿಯದು ಬೇರೆ ಕಥೆ, ಅಲ್ಲಿಗೆ ಅರಬರೇ ಬಂದರು. ಹದಿನಾಲ್ಕನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಎಂದು ಬರೆದಿದ್ದಾನೆ. ತೆಂಗಿನ ಕಾಯಿ ಮನುಷ್ಯನ ತಲೆಯ ಹಾಗಿದೆ ಎಂದೂ, ಅದರ ನಾರಿನ ಹಗ್ಗದಿಂದ ಹಡಗು ಹೊಲಿಯುತ್ತಾರೆ ಎಂದೂ ಬೆರಗಿನಿಂದ ವರ್ಣಿಸಿದ್ದಾನೆ. ಅವನು ಬಳಸಿದ ‘ನಾರ್ಜೀಲ್’ ಸಂಸ್ಕೃತದ ನಾರಿಕೇಲವೇ, ಪಾರಸಿಯ ದಾರಿ ಹಿಡಿದು ಹೋದದ್ದು. ಇಂದಿನ ಅರೇಬಿಕ್‌ನಲ್ಲಿ ತೆಂಗಿನಕಾಯಿ ‘ಜೌಜ್ ಅಲ್ ಹಿಂದ್’, ಹಿಂದ್ ದೇಶದ ಕಾಯಿ. ಹುಣಸೆ ‘ತಮ್ರ್ ಹಿಂದೀ’, ಹಿಂದ್ ದೇಶದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಅಲ್ಲಿಂದ. ನಮ್ಮ ಹೊಲದ ಬದುವಿನಲ್ಲಿರುವ ಎರಡೂ ಮರಗಳ ಹೆಸರಿನಲ್ಲಿ ಅವರು ನಮ್ಮ ದೇಶವನ್ನೇ ಇಟ್ಟುಕೊಂಡಿದ್ದಾರೆ.

ಇನ್ನು ತರಗತಿಯ ವಿಷಯ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲೇ ಕುರ್‌ಆನ್ ಓದಲು ಕಲಿತವರು. ಬೋರ್ಡಿನ ಮೇಲಿನ ಸಾಲನ್ನು ಅವರು ಓದಿ ಮುಗಿಸುವಾಗ ನಾನು ಎರಡನೇ ಪದದಲ್ಲಿರುತ್ತಿದ್ದೆ. ಆದರೆ ಆ ಸಾಲಿನ ಅರ್ಥ ಕೇಳಿದರೆ ಎಲ್ಲರೂ ಒಂದೇ ಬೆಂಚು. ಓದಲು ಬರುವುದಕ್ಕೂ ಭಾಷೆ ಬರುವುದಕ್ಕೂ ಇಷ್ಟು ದೂರವಿದೆ ಎಂದು ಅವರೇ ನಗುತ್ತಾ ಹೇಳುತ್ತಾರೆ. ನನ್ನ ಪಕ್ಕ ಕೂರುವ ಗುಬ್ಬಿಯ ಹುಡುಗಿ ನನಗೆ ಉಚ್ಚಾರಣೆ ತಿದ್ದುತ್ತಾಳೆ. ನಾನು ಅವಳಿಗೆ ಕ್ರಿಯಾಪದದ ಕೋಷ್ಟಕ ಹಾಕಿಕೊಡುತ್ತೇನೆ, ಎಕ್ಸೆಲ್ ಶೀಟಿನಲ್ಲಿ. ಅರೇಬಿಕ್‌ನಲ್ಲಿ ‘ನೀನು’ ಎನ್ನುವುದಕ್ಕೂ ಲಿಂಗವಿದೆ: ಹುಡುಗನಿಗೆ ‘ಅಂತ’, ಹುಡುಗಿಗೆ ‘ಅಂತಿ’. ಸಂಸ್ಕೃತದ ಹಾಗೆ ದ್ವಿವಚನವೂ ಉಂಟು. ಕೋಷ್ಟಕ ಉದ್ದವಾಗದೆ ಏನು ಮಾಡೀತು?

ನಮ್ಮೂರುಗಳ ಹೆಸರನ್ನು ಆ ಲಿಪಿಯಲ್ಲಿ ಬರೆಯುವುದು ನಮ್ಮ ಆಟ. ಅರೇಬಿಕ್‌ನಲ್ಲಿ ‘ಪ’ ಇಲ್ಲ, ‘ಟ’ ಇಲ್ಲ. ತಿಪಟೂರು ‘ತಿಬ್ತೂರ್’ ಆಗುತ್ತದೆ. ‘ಎ’ಕಾರಕ್ಕೆ ಸ್ವರವೇ ಇಲ್ಲದ್ದರಿಂದ ತುರುವೇಕೆರೆಯ ಕೆರೆ ‘ಕಿರಿ’ಯಾಗುತ್ತದೆ. ‘ಚ’ವೂ ಇಲ್ಲ, ‘ಳ’ವೂ ಇಲ್ಲ, ಹಾಗಾಗಿ ಚಿಕ್ಕನಾಯಕನಹಳ್ಳಿಯನ್ನು ಅರ್ಧಕ್ಕೇ ಕೈಬಿಟ್ಟೆವು. ಅವರ ಕಡೆಯಿಂದ ನೋಡಿದರೆ ನಮ್ಮ ಬಡತನವೂ ಕಾಣುತ್ತದೆ. ಗಂಟಲಿನ ಆಳದಿಂದ ಬರುವ ‘ಐನ್’ ಎಂಬ ಅಕ್ಷರವನ್ನು ಕನ್ನಡದಲ್ಲಿ ಬರೆಯಲು ಸಾಧ್ಯವೇ ಇಲ್ಲ. ತಾಲ್ಲೂಕಿನಲ್ಲಿ ಒಂದು ‘ಐನ್’ ಇತ್ತು, ನಾವು ನುಂಗಿದ್ದೇವೆ.

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದರಿಂದ ಏನು ಬಂತು ಎಂದರೆ, ನನ್ನ ಮಿನಿ ಪ್ರಾಜೆಕ್ಟ್ ಬಂತು. ಅರಬ್ಬಿ ಅಕ್ಷರ ಪದದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ಆಕಾರ ತಾಳುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡುವಾಗ ಸಂಕೇತ ಒಂದೇ, ಆಕಾರ ಕೊಡುವುದು ತಂತ್ರಾಂಶ. ಕನ್ನಡದ ಒತ್ತಕ್ಷರವೂ ಹೀಗೆಯೇ. ಈ ಕೆಲಸ ಮಾಡುವ ಮುಕ್ತ ತಂತ್ರಾಂಶವೊಂದರ ಹೆಸರು ಹಾರ್ಫ್‌ಬಜ್, ಆಂಡ್ರಾಯ್ಡ್ ಮತ್ತು ಕ್ರೋಮ್‌ನಲ್ಲಿ ಇರುವುದು ಅದೇ. ಹೆಸರಿನ ಮೊದಲರ್ಧವಾದ ‘ಹರ್ಫ್’ ಅರಬ್ಬಿಯಲ್ಲಿ ಅಕ್ಷರ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ನೆಟ್ಟಗೆ ಕಾಣುವಂತೆ ಮಾಡುವುದೂ ಇದೇ ತಂತ್ರಾಂಶ. ಅರೇಬಿಕ್ ಬಲದಿಂದ ಎಡಕ್ಕೆ ಓಡಿದರೂ ಅದರೊಳಗಿನ ಸಂಖ್ಯೆ ಎಡದಿಂದ ಬಲಕ್ಕೇ ಓಡುತ್ತದೆ. ಒಂದು ಬಿಲ್ಲಿನ ಪರದೆಯಲ್ಲಿ ಹೆಸರು, ಮೊತ್ತ, ಫೋನ್ ನಂಬರ್ ಮೂರನ್ನೂ ಸರಿಯಾಗಿ ಕೂರಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಆ ಅಂಕಿಗಳನ್ನು ಅರಬರು ‘ಹಿಂದೀ ಅಂಕಿ’ ಎನ್ನುತ್ತಾರೆ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳ ಬಗ್ಗೆ ಪುಸ್ತಕ ಬರೆದ. ಅವನ ಹೆಸರೇ ಅಲ್ಗಾರಿದಮ್ ಆಯಿತು, ಅವನ ಇನ್ನೊಂದು ಪುಸ್ತಕದ ‘ಅಲ್ ಜಬ್ರ್’ ಆಲ್ಜೀಬ್ರಾ ಆಯಿತು. ಎಂ–3ರಲ್ಲಿ ಬ್ಯಾಕ್ ಉಳಿಸಿಕೊಂಡವರು ಯಾರನ್ನು ಬೈಯಬೇಕೋ ಈಗ ತಿಳಿಯಿತಲ್ಲ.

ಕೆಲಸದ ಮಾತಿಗೆ ಬರೋಣ. ಗಲ್ಫ್‌ಗೆ ಹೋಗುವ ಎಂಜಿನಿಯರಿಗೆ ಅರೇಬಿಕ್ ಕಡ್ಡಾಯವಲ್ಲ. ಇಂಗ್ಲಿಷ್, ಹಿಂದಿ, ಮಲಯಾಳಂನಲ್ಲೇ ಹೆಚ್ಚಿನ ಕೆಲಸ ನಡೆಯುತ್ತದೆ. ತರಗತಿಯಲ್ಲಿ ಕಲಿಸುವುದು ಪತ್ರಿಕೆ, ಸುದ್ದಿ, ಪುಸ್ತಕಗಳ ‘ಫುಸ್‌ಹಾ’. ಬೀದಿಯ ಮಾತು ದೇಶಕ್ಕೊಂದು. ‘ಹೇಗಿದ್ದೀಯ’ ಎನ್ನಲು ಪುಸ್ತಕದಲ್ಲಿ ‘ಕೈಫ ಹಾಲುಕ್’, ಗಲ್ಫ್‌ನಲ್ಲಿ ‘ಶ್ಲೋನಕ್’, ಈಜಿಪ್ಟಿನಲ್ಲಿ ‘ಇಜ್ಜಯ್ಯಕ್’. ಇಂಗ್ಲಿಷ್ ಮಾತೃಭಾಷೆಯವರಿಗೆ ಅರೇಬಿಕ್ ಕಲಿಯಲು ಸುಮಾರು 2,200 ತರಗತಿ ಗಂಟೆ ಬೇಕು ಎಂಬುದು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಅಂದಾಜು. ನನ್ನದು ವಾರಕ್ಕೆ ಮೂರು ಗಂಟೆ. ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದೆ, ರಜೆಯೇ ಇಲ್ಲದಿದ್ದರೂ ಹದಿನಾಲ್ಕು ವರ್ಷ. ಮೂರು ತಿಂಗಳಲ್ಲಿ ಅರೇಬಿಕ್, ವೀಸಾ ಗ್ಯಾರಂಟಿ ಎನ್ನುವ ಪೋಸ್ಟರ್ ಕಂಡರೆ ಈ ಲೆಕ್ಕ ನೆನಪಿಡಿ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಅರೇಬಿಕ್ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು, 1973ರ ಡಿಸೆಂಬರ್ 18ರಂದು ಸೇರಿದ್ದು. ಅನುವಾದ, ಆ್ಯಪ್‌ಗಳ ಸ್ಥಳೀಕರಣ, ಬೆಂಗಳೂರಿನ ಆಸ್ಪತ್ರೆಗಳಿಗೆ ಒಮಾನ್, ಇರಾಕ್, ಯೆಮೆನ್‌ಗಳಿಂದ ಬರುವ ರೋಗಿಗಳಿಗೆ ದುಭಾಷಿ ಕೆಲಸ ಇವೆ. ಐಎಫ್‌ಎಸ್‌ಗೆ ಆಯ್ಕೆಯಾದವರಿಗೆ ಕೊಡುವ ವಿದೇಶಿ ಭಾಷೆಗಳಲ್ಲೂ ಅರೇಬಿಕ್ ಇದೆ. ಪಿಯು ಮುಗಿಸಿದ ತಮ್ಮ ತಂಗಿಯರಿದ್ದರೆ ಹೇಳಿ: ದೆಹಲಿಯ ಜೆಎನ್‌ಯುನಲ್ಲಿ, ಹೈದರಾಬಾದಿನ ಇಫ್ಲುನಲ್ಲಿ ಅಕ್ಷರಾಭ್ಯಾಸದಿಂದಲೇ ಶುರುಮಾಡಿ ಬಿಎ ಮಾಡಬಹುದು. ಅಲೀಗಢ, ಜಾಮಿಯಾ, ಕೇರಳದ ಕ್ಯಾಲಿಕಟ್ ವಿಶ್ವವಿದ್ಯಾಲಯಗಳಲ್ಲೂ ಅರೇಬಿಕ್ ವಿಭಾಗಗಳಿವೆ. ನನ್ನ ಹಾಗೆ ಬೇರೆ ಡಿಗ್ರಿಯ ಜೊತೆಗೆ ಕಲಿಯುವವರಿಗೆ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿಯ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳಿವೆ. ಬರೀ ಭಾಷೆ ನೆಚ್ಚಿಕೊಳ್ಳುವುದಕ್ಕಿಂತ ಭಾಷೆಯ ಜೊತೆ ಇನ್ನೊಂದು ವಿದ್ಯೆ ಇರಲಿ ಎಂಬುದು ನನ್ನ ಅಭಿಪ್ರಾಯ. ಕೋಡ್ ಬರೆಯುವವರು ಲಕ್ಷಗಟ್ಟಲೆ ಇದ್ದಾರೆ. ಬಲದಿಂದ ಎಡಕ್ಕೆ ಓದುತ್ತಾ ತಪ್ಪು ಹಿಡಿಯಬಲ್ಲವರು ನನ್ನ ಕ್ಲಾಸಿನಲ್ಲಿ ಸದ್ಯಕ್ಕೆ ನಾನೊಬ್ಬಳೇ.

ಮುಂದಿನ ವರ್ಷ ಡಿಪ್ಲೊಮಾಗೆ ಸೇರಬೇಕೆಂದಿದ್ದೇನೆ. ಅದೇ ಹೊತ್ತಿಗೆ ಕ್ಯಾಂಪಸ್ ಇಂಟರ್‌ವ್ಯೂಗಳೂ ಶುರುವಾಗುತ್ತವೆ. ಎರಡನ್ನೂ ಹೇಗೆ ನಿಭಾಯಿಸುವುದೆಂದು ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ಅಪ್ಪನಿಗೆ ಈಗ ಭಾಷೆಯ ಮೇಲೆ ಸಿಟ್ಟಿಲ್ಲ. ಊಟಕ್ಕೆ ಕೂತಾಗ ‘ಕಂದಾಯ ಯಾವ್ ಭಾಷೆದು? ಜಾಮೀನು?’ ಎಂದು ಕೇಳುತ್ತಾರೆ. ಜಾಮೀನು ಅರಬ್ಬಿ, ಜಮೀನು ಪಾರಸಿ ಎಂದರೆ ತಲೆ ಆಡಿಸುತ್ತಾರೆ. ಡಿಪ್ಲೊಮಾ ಫೀಸಿನ ಮಾತೆತ್ತಿದರೆ ಮಾತ್ರ ಅಟ್ಟದ ಕಡೆ ನೋಡಿ, ‘ತಡಿ, ಈ ಸಲದ ರೇಟ್ ಎಷ್ಟಾಯ್ತದೆ ನೋಡನ’ ಅನ್ನುತ್ತಾರೆ.