ದೇವನಹಳ್ಳಿಯ ಮಂಜು ಸಿಮ್ಯುಲೇಟರ್‌ನಲ್ಲಿ ಏಕೆ ಕಾಣುವುದಿಲ್ಲ?

ಉತ್ತರ ಬೆಂಗಳೂರಿನವರಿಗೆ ವಿಮಾನದ ಸದ್ದು ಹೊಸದಲ್ಲ. ಯಲಹಂಕದಲ್ಲಿ ವಾಯುಪಡೆಯ ನೆಲೆ, ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಅದರಾಚೆ ದೇವನಹಳ್ಳಿಯಲ್ಲಿ 2008ರಿಂದ ಕೆಂಪೇಗೌಡ ವಿಮಾನ ನಿಲ್ದಾಣ. ಈ ಆಕಾಶವನ್ನು ಮನೆಯ ಕಂಪ್ಯೂಟರ್‌ನಲ್ಲಿ ಹಾರಿ ನೋಡುವ ಹವ್ಯಾಸಿಗಳ ದೂರುಗಳು ಮಾತ್ರ ಹೆಚ್ಚುಕಡಿಮೆ ಒಂದೇ: ಮೋಡ ಮಾಯವಾಗಿದೆ, ಮಂಜು ಬರುತ್ತಿಲ್ಲ, ಎತ್ತರ ತಪ್ಪು ತೋರಿಸುತ್ತಿದೆ. ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಪರದೆಯ ಮೇಲಿನ ಅಂಕಿ ಎಲ್ಲಿಂದ ಅಳೆದದ್ದು, ಯಾವಾಗ ಅಳೆದದ್ದು? ಬಹುತೇಕ ಗೊಂದಲಗಳು ಅಲ್ಲೇ ಬಗೆಹರಿಯುತ್ತವೆ.

ತಪ್ಪು ಕಲ್ಪನೆ 1: "2,000 ಅಡಿಗೆ ಮೋಡ ಹಾಕಿದರೂ ಕಾಣದಿದ್ದರೆ ಗ್ರಾಫಿಕ್ಸ್ ಕಾರ್ಡ್ ಸಾಲದು"

ಸತ್ಯ: ಮೋಡ ಇದೆ, ನೆಲದಡಿಯಲ್ಲಿದೆ! ದೇವನಹಳ್ಳಿಯ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಹವಾಮಾನ ಫಲಕದಲ್ಲಿ ಮೋಡದ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸುವ ಆಯ್ಕೆ ಇದ್ದರೆ, 2,000 ಅಡಿಯ ಮೋಡ ರನ್‌ವೇಗಿಂತ ಸಾವಿರ ಅಡಿ ಕೆಳಗೆ ಹೋಗಿ ಕೂರುತ್ತದೆ. ಚೆನ್ನೈ, ಮುಂಬೈಗೆಂದು ಉಳಿಸಿಟ್ಟ ಹೊಂದಿಕೆ ಬೆಂಗಳೂರಿಗೆ ಒಗ್ಗದಿರುವುದು ಇದರಿಂದಲೇ.

ಇನ್ನು ಮೆಟಾರ್, ಅಂದರೆ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಗೊಮ್ಮೆ ಹೊರಡುವ ಹವಾಮಾನ ವರದಿ. ಅದು ಮೋಡದ ಎತ್ತರವನ್ನು ನಿಲ್ದಾಣದ ನೆಲದಿಂದ ಎಣಿಸುತ್ತದೆ. ಅಲ್ಲಿ 'ಎಸ್‌ಸಿಟಿ020' ಎಂದಿದ್ದರೆ ನೆಲದಿಂದ 2,000 ಅಡಿಯಲ್ಲಿ ಚದುರಿದ ಮೋಡವಿದೆ ಎಂದರ್ಥ. ನಿಮ್ಮ ಆಲ್ಟಿಮೀಟರ್ ಲೆಕ್ಕದಲ್ಲಿ ಅದು ಸಿಗುವುದು 5,000 ಅಡಿಯ ಆಸುಪಾಸಿನಲ್ಲಿ.

ತಪ್ಪು ಕಲ್ಪನೆ 2: "ತಾಪಮಾನ ಇಳಿಸಿದರೆ ಮಂಜು ಬೀಳುತ್ತದೆ"

ಸತ್ಯ: ಚಳಿಯೊಂದೇ ಸಾಲದು. ಗಾಳಿಯ ಉಷ್ಣತೆ ಇಬ್ಬನಿ ಬಿಂದುವಿನ, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಯ, ಹತ್ತಿರಕ್ಕೆ ಇಳಿಯಬೇಕು. ಮೆಟಾರ್‌ನಲ್ಲಿ ಅದು '15/15' ಎಂಬಂತೆ ಕಾಣುತ್ತದೆ. ಜೊತೆಗೆ ಆಕಾಶ ತಿಳಿಯಾಗಿರಬೇಕು, ಗಾಳಿ ಹೆಚ್ಚುಕಡಿಮೆ ನಿಂತಿರಬೇಕು, ನೆಲದಲ್ಲಿ ಪಸೆ ಇರಬೇಕು. ಆಗ ರಾತ್ರಿಯಿಡೀ ಶಾಖ ಕಳೆದುಕೊಂಡ ನೆಲ ತನ್ನ ಮೇಲಿನ ಗಾಳಿಯನ್ನೂ ತಣಿಸುತ್ತದೆ, ಬೆಳಗಿನ ಜಾವಕ್ಕೆ ಮಂಜು ಕಟ್ಟುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ದೇವನಹಳ್ಳಿಯ ಬಯಲಿನಲ್ಲಿ ಆಗುವುದು ಇದೇ. ಹೊತ್ತೇರಿದರೆ ಕರಗುತ್ತದೆ.

ಸಿಮ್ಯುಲೇಟರ್‌ನಲ್ಲಿ ತಾಪಮಾನದ ಗುಂಡಿ ಈ ಸರಣಿಯನ್ನು ತಾನಾಗಿ ನಡೆಸುವುದಿಲ್ಲ. ಎಕ್ಸ್-ಪ್ಲೇನ್‌ನಲ್ಲಿ ಗೋಚರತೆಯನ್ನೇ ಇಳಿಸಬಹುದು. ಫ್ಲೈಟ್‌ಗಿಯರ್‌ನಲ್ಲಿ ಅದಕ್ಕಾಗಿ ಝಡ್ ಕೀಲಿ ಒತ್ತಿ ನೋಡಬಹುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಯಲ್ಲಿ ಗೋಚರತೆಗೆಂದೇ ಪ್ರತ್ಯೇಕ ಗುಂಡಿ ಇಲ್ಲ. ಏರೋಸಾಲ್ ಸಾಂದ್ರತೆ ಹೆಚ್ಚಿಸಬೇಕು, ಇಲ್ಲವೇ ನೆಲಕ್ಕೆ ತಾಗುವಂತೆ ಮೋಡದ ಪದರ ಹಾಕಬೇಕು. ಆಗಲೂ ಮೇಲಿನ 3,000 ಅಡಿಯ ಲೆಕ್ಕ ಮರೆಯಬಾರದು.

ತಪ್ಪು ಕಲ್ಪನೆ 3: "ಲೈವ್ ವೆದರ್ ಹಾಕಿ ಬೆಳಗಿನ ಆರು ಗಂಟೆ ಆರಿಸಿದರೆ ಬೆಳಗಿನ ಮಂಜು ಸಿಗುತ್ತದೆ"

ಸತ್ಯ: ಲೈವ್ ಎಂದರೆ ಈ ಕ್ಷಣದ್ದು. ರಾತ್ರಿ ಒಂಬತ್ತಕ್ಕೆ ಕುಳಿತು ಗಡಿಯಾರವನ್ನು ಆರಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಬದಲಾಗುವುದು ಸೂರ್ಯನ ಜಾಗ ಮಾತ್ರ. ಇನ್ನೊಂದು ಎಡವಟ್ಟು ಮೆಟಾರ್‌ನ ಸಮಯದ್ದು. ಅದು ಜಾಗತಿಕ ಸಮಯ; ನಮ್ಮ ಸಮಯ ಸಿಗಲು ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳಬೇಕು. '0130ಝಡ್' ಎಂಬ ವರದಿ ನಮ್ಮ ಬೆಳಗಿನ ಏಳು ಗಂಟೆಯದು, ನಡುರಾತ್ರಿಯದಲ್ಲ.

ತಪ್ಪು ಕಲ್ಪನೆ 4: "ಗೋಚರತೆ 9999 ಅಂದಮೇಲೆ ನಂದಿ ಬೆಟ್ಟ ಕಾಣಲೇಬೇಕು"

ಸತ್ಯ: 9999 ಅಂದರೆ 10 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು, ಅಷ್ಟೆ. ನಿಲ್ದಾಣದಿಂದ ನಂದಿ ಬೆಟ್ಟ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಅದು ಕಾಣುತ್ತದೋ ಇಲ್ಲವೋ ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ. ಗೋಚರತೆ 1,000 ಮೀಟರ್‌ಗಿಂತ ಕಡಿಮೆಯಾದರೆ ಮಾತ್ರ ವರದಿಯಲ್ಲಿ ಮಂಜು ಎಂದು ಬರುತ್ತದೆ; ಅದಕ್ಕಿಂತ ಮೇಲಿದ್ದು 5,000 ಮೀಟರ್ ಮೀರದಿದ್ದರೆ ಅದು ತೆಳುಮಂಜು.

ತಪ್ಪು ಕಲ್ಪನೆ 5: "ಜಕ್ಕೂರಿನಲ್ಲಿ ಕಾಣುತ್ತಿರುವುದು ಜಕ್ಕೂರಿನದೇ ಹವಾಮಾನ"

ಸತ್ಯ: ಫ್ಲೈಟ್‌ಗಿಯರ್ ಹತ್ತಿರದ ಮೆಟಾರ್ ಕೇಂದ್ರದ ವರದಿಯನ್ನು ಎತ್ತಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಸ್ವಿಟ್ಜರ್ಲೆಂಡಿನ ಮೀಟಿಯೋಬ್ಲೂ ಸಂಸ್ಥೆಯ ಮುನ್ಸೂಚನಾ ಮಾದರಿಯನ್ನು ಆಧರಿಸಿದೆ. ಹೀಗಾಗಿ ದೇವನಹಳ್ಳಿಯ ಮಂಜು ಜಕ್ಕೂರಿನ ಮೇಲೂ ಹರಡಿಕೊಳ್ಳಬಹುದು. ಅದೇ ಹೊತ್ತಿಗೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಿಸಿಲಿರಬಹುದು. ಕಟ್ಟಡ, ಡಾಂಬರಿನ ನಗರ ರಾತ್ರಿ ಬಯಲಿನಷ್ಟು ತಣಿಯುವುದಿಲ್ಲ.

ತಪ್ಪು ಕಲ್ಪನೆ 6: "ದಕ್ಷಿಣ ರನ್‌ವೇ ಕ್ಯಾಟ್-3ಬಿ ಆದಮೇಲೆ ಯಾವ ವಿಮಾನವೂ ಮಂಜಿನಲ್ಲಿ ಇಳಿಯಬಹುದು"

ಸತ್ಯ: 2019ರ ಡಿಸೆಂಬರ್‌ನಲ್ಲಿ ಆರಂಭವಾದ ಆ ರನ್‌ವೇ ಬಳಿಕ ಕ್ಯಾಟ್-3ಬಿ ದರ್ಜೆಗೇರಿತು. ರನ್‌ವೇ ಮೇಲಿನ ಗೋಚರತೆ 50 ಮೀಟರ್‌ಗೆ ಕುಸಿದರೂ ಅಲ್ಲಿ ಇಳಿಯಲು ಸಾಧ್ಯ. ಆದರೆ ರನ್‌ವೇ, ವಿಮಾನ, ಪೈಲಟ್ ಮೂರಕ್ಕೂ ಆ ಅರ್ಹತೆ ಇರಬೇಕು. ಸೆಸ್ನಾ 172ರಲ್ಲಿ ತಾನಾಗಿ ಇಳಿಯುವ ವ್ಯವಸ್ಥೆ ಇಲ್ಲ. ಅದರಲ್ಲಿ ನೀವು ಸೋತರೆ ಸಿಮ್ಯುಲೇಟರ್ ಸರಿಯಾಗಿಯೇ ಇದೆ ಎಂದರ್ಥ.

ತಪ್ಪು ಕಲ್ಪನೆ 7: "ಫೋನು 910 ತೋರಿಸುತ್ತಿದೆ, ಮೆಟಾರ್‌ನ 1016 ತಪ್ಪು"

ಸತ್ಯ: ಎರಡೂ ಸರಿ. 910 ಹೆಕ್ಟೋಪಾಸ್ಕಲ್ ನೀವು ನಿಂತ ಜಾಗದ ಒತ್ತಡ. 1016 ಅದನ್ನು ಸಮುದ್ರಮಟ್ಟಕ್ಕೆ ಹೊಂದಿಸಿದ ಲೆಕ್ಕ. ಆಲ್ಟಿಮೀಟರ್‌ಗೆ ಕೊಡಬೇಕಾದ್ದು ಎರಡನೆಯದು. ನಾಲ್ಕು ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 110 ಅಡಿ ತಪ್ಪುತ್ತದೆ. ಒತ್ತಡ 1009 ಇರುವಾಗ 1013 ಇಟ್ಟುಕೊಂಡು ಹಾರಿದರೆ ಮೀಟರ್ ತೋರಿಸುವುದಕ್ಕಿಂತ ನೀವು ಕೆಳಗಿರುತ್ತೀರಿ. ಮೋಡ ಕವಿದ ಮುಂಗಾರಿನಲ್ಲಿ ಅಪಾಯಕಾರಿ ತಪ್ಪು ಇದೇ.

ಆದ್ದರಿಂದ ಮುಂದಿನ ಸಲ ಪರದೆ ಮೋಸ ಮಾಡಿತು ಎನ್ನಿಸಿದಾಗ ಮೊದಲು ಎತ್ತರದ ಆಧಾರ ನೋಡಿ, ಆಮೇಲೆ ಸಮಯ, ಆಮೇಲೆ ವರದಿ ಯಾವ ಕೇಂದ್ರದ್ದು ಎಂಬುದು. ಗ್ರಾಫಿಕ್ಸ್ ಕಾರ್ಡ್ ಸರದಿ ಕೊನೆಗೆ. ದೇವನಹಳ್ಳಿಯಲ್ಲಿ ನಿಂತ ವಿಮಾನದ ಆಲ್ಟಿಮೀಟರ್ ಸುಮಾರು 3,000 ಅಡಿ ತೋರಿಸದಿದ್ದರೆ ಹೊರಡಬೇಡಿ. ಮೊದಲು ಒತ್ತಡವನ್ನು ಸರಿಪಡಿಸಿಕೊಳ್ಳಿ.