ಹುಳು ಮನೆಯ ಕೊನೆಯ ಕೆಲಸ

‘ಮನೆ ಕಟ್ಟಿ ನೋಡು’ ಎಂಬ ಗಾದೆ ರೇಷ್ಮೆ ಬೆಳೆಗಾರನಿಗೆ ಎರಡು ಸಲ ಅನ್ವಯಿಸುತ್ತದೆ. ವಾಸಕ್ಕೊಂದು ಮನೆ, ಹುಳುವಿಗೊಂದು ಮನೆ. ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡು ಸೇರಿದಂತೆ ಕೋಲಾರ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಎರಡಕ್ಕೂ ಸೂರು ಒಂದೇ. ಹುಳು ಬಲಿತಂತೆ ಮನೆಮಂದಿಯ ಜಾಗ ಕಿರಿದಾಗುತ್ತಿತ್ತು. ಒಲೆಯ ಹೊಗೆ, ಜನರ ಓಡಾಟ ಹುಳುವಿಗೆ ಆಗಿಬರುತ್ತಿರಲಿಲ್ಲ. ಪ್ರತ್ಯೇಕ ಹುಳು ಮನೆ ಬಂದದ್ದು ಇದಕ್ಕಾಗಿಯೇ.

ಚಾವಣಿ ಮುಚ್ಚಿದ ಮೇಲೆ ವಾಸದ ಮನೆಗೆ ಉಳಿಯುವುದು ಅಂದಚೆಂದದ ಕೆಲಸ. ಹುಳು ಮನೆಗೆ ಆಗಲೇ ಮುಖ್ಯ ಕೆಲಸ ಶುರು. ನೆಲ, ಗೋಡೆಗಳಲ್ಲಿ ಬಿರುಕು ಉಳಿಯಬಾರದು. ತೊಳೆದ ನೀರು ಹರಿದುಹೋಗಬೇಕು. ಬಲಿತ ಹುಳುವಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ಅದಕ್ಕೆ ಎದುರುಬದುರು ಕಿಟಕಿ, ಮೇಲೆ ಗವಾಕ್ಷಿ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು.

ಕಿಟಕಿಗೆ ನೈಲಾನ್ ಬಲೆ ಕಡ್ಡಾಯವಾದದ್ದು ಊಜಿ ನೊಣದಿಂದ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕು ಹುಳುವನ್ನೇ ತಿನ್ನುತ್ತದೆ. ಗೂಡು ಕಟ್ಟಿದರೂ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು.

ಕಟ್ಟಕಡೆಯದು ಸೋಂಕು ನಿವಾರಣೆ. ನೂರು ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಮನೆಯ ಒಳಗೆಲ್ಲ ಸಿಂಪಡಿಸುತ್ತಾರೆ. ಹೊಸ ಮನೆಯೆಂದು ಇದನ್ನು ಬಿಡುವಂತಿಲ್ಲ. ಹಳೆಯ ತಟ್ಟೆ, ಚಂದ್ರಿಕೆಗಳ ಜೊತೆಗೆ ಹಳೆಯ ರೋಗವೂ ಒಳಬರಬಹುದು. ಹಾಗೆ ಬಂದರೆ ಸುಮಾರು ಒಂದು ತಿಂಗಳ ದುಡಿಮೆ, ಸೊಪ್ಪಿಗೆ ಸುರಿದ ಹಣ ಎರಡೂ ತಿಪ್ಪೆಗುಂಡಿಯ ಪಾಲು.